ಶಾಪ ಕೇಳಿಸ್ಕೊಂಡೋರು ಯಾರು?

ಹಿನಕಲ್ಲಿನಲ್ಲಿ ನಾನಿರೋ ಬಾಡಿಗೆ ಮನೆಯ ಬೀದಿ ಹುಣಸೂರು ರೋಡಿಗೆ ಬಂದು ಸೇರೋ ಕಡೆ ಒಂದು ಸಣ್ಣ ಹೋಟ್ಲಿದೆ. ಆಫೀಸ್ ಕ್ಯಾಬ್ ಬರೋ ತನಕ ಅಲ್ಲಿ ನಿಂತು ಕಾಫಿ ಕುಡಿಯೋದು ಹತ್ತು ವರ್ಷದ ಅಭ್ಯಾಸ. ಗೋಡೆ ಮೇಲಿನ ಟೀವಿಯಲ್ಲಿ ಅರಮನೆ ಸುದ್ದಿ ಬಂತು ಅಂದ್ರೆ ಬೆನ್ನಿಗೇ ಅಲಮೇಲಮ್ಮ ಬಂದಳು ಅಂತಲೇ ಲೆಕ್ಕ. 2015ರಲ್ಲಿ ಯದುವೀರ್ ಅವರನ್ನ ದತ್ತು ತಗೊಂಡಾಗ ಬಂದಳು. ಮರುವರ್ಷ ಅವರ ಮದುವೆಗೆ ಬಂದಳು. 2017ರ ಡಿಸೆಂಬರಿನಲ್ಲಿ ಅವರಿಗೆ ಮಗು ಹುಟ್ಟಿದಾಗಂತೂ ದಿನಗಟ್ಟಲೆ ಹೋಗಲೇ ಇಲ್ಲ. ನಾನೂರು ವರ್ಷದ ಶಾಪ ವಿಮೋಚನೆ ಅಂತ ಕೆಂಪು ಪಟ್ಟಿ, ಹೊಳೆಗೆ ಹಾರೋ ಹೆಂಗಸಿನ ಗ್ರಾಫಿಕ್ಸು, ಹಿಂದೆ ಗುಡುಗಿನ ಸದ್ದು. ವಿಮೋಚನೆ ಆಯ್ತಲ್ಲ, ಇನ್ನಾದ್ರೂ ಆಯಮ್ಮನ್ನ ಬಿಡ್ತಾರೆ ಅಂದ್ಕೊಂಡೆ. 2024ರ ದಸರಾ ಹೊತ್ತಿಗೆ ಎರಡನೇ ಮಗು ಹುಟ್ಟಿತು ನೋಡಿ, ಮತ್ತೆ ಬಂದಳು.

ಹೋಟ್ಲಿನಲ್ಲಿ ಸಪ್ಲೈ ಮಾಡೋ ಹುಡುಗ ರಾಯಚೂರು ಕಡೆಯವನು. ಲೋಟ ಇಟ್ಟು, "ಯಾರ್ರೀ ಅಣ್ಣಾ ಈಕಿ? ಏನ್ ಮಾಡ್ಯಾರ ಆಕಿಗೆ?" ಅಂದ. ಹೇಳೋಕೆ ಬಾಯಿ ತೆಗೆದೆ. ಮೊದಲು ಬಾಯಿಗೆ ಬಂದದ್ದು ಶಾಪ. ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರು ದೊರೆಗೆ ಮಕ್ಕಳಿಲ್ಲ ಅನ್ನೋ ಆ ಮೂರು ತುಂಡು. ಅದು ಸರಾಗವಾಗಿ ಬಂತು. ಆದರೆ ಹುಡುಗ ಕೇಳಿದ್ದು ಅದಲ್ಲ. ಆಕೆ ಏನಂದಳು ಅಂತ ಅವನು ಕೇಳಲಿಲ್ಲ, ಆಕೆಗೆ ಏನು ಮಾಡಿದರು ಅಂತ ಕೇಳಿದ. ಅದನ್ನ ಹೇಳೋಕೆ ಹೋದರೆ ನನ್ನ ಕಥೆ ತುಂಬಾ ತೂತು. ಅಷ್ಟರಲ್ಲಿ ಕ್ಯಾಬ್ ಬಂತು.

ಆವತ್ತಿಂದ ತಲೆಯಲ್ಲಿ ಕೊರೀತಿದೆ, ಅದಕ್ಕೇ ಬರೀತಿದ್ದೀನಿ. ಇದೊಂದು ಕ್ರೈಮ್ ಕೇಸು ಸ್ವಾಮಿ. ನಾವು ಅದನ್ನ ಶಾಪದ ಕಥೆ ಅಂತ ಫೈಲ್ ಮಾಡಿ ಮುಚ್ಚಿಟ್ಟಿದ್ದೀವಿ.

ಮೈಸೂರು ಸೀಮೆಯಾಚೆಯವರಿಗಾಗಿ ಕಥೆಯನ್ನ ಬೇಗ ಹೇಳಿಬಿಡ್ತೀನಿ. 1610. ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿ ಇದ್ದ. ಜನ ಅವನನ್ನ ಶ್ರೀರಂಗರಾಯ ಅಂತಾರೆ, ಇತಿಹಾಸದ ಪುಸ್ತಕಗಳು ತಿರುಮಲ ಅಂತಾವೆ. ವಿಜಯನಗರದ ಕೈ ಸೋತಿತ್ತು, ಮೈಸೂರಿನ ರಾಜ ಒಡೆಯರ ಕೈ ಏಳ್ತಿತ್ತು. ತಿರುಮಲನಿಗೆ ಬೆನ್ನಿನ ಮೇಲೆ ವಾಸಿಯಾಗದ ಹುಣ್ಣು. ವೈದ್ಯನಾಥೇಶ್ವರನ ಸನ್ನಿಧಿಗೆ ಅಂತ ತಲಕಾಡಿಗೆ ಹೋದ, ಅಲ್ಲೇ ತೀರಿಕೊಂಡ. ಪಟ್ಟಣ ಮೈಸೂರಿನ ಕೈಗೆ ಬಂತು. ಗೆದ್ದು ಬಂತೋ, ನಂಬಿ ಕೊಟ್ಟು ಬಂತೋ, ಬಿಟ್ಟುಹೋದದ್ದನ್ನ ಎತ್ತಿಕೊಂಡರೋ ಅನ್ನೋದರಲ್ಲಿ ಹಳೆಯ ಕೈಬರಹಗಳು ಒಂದೊಂದು ಒಂದೊಂದು ಹೇಳ್ತವೆ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಎರಡು ಶತಮಾನದ ಹಿಂದೆಯೇ ಆ ಗೊಂದಲವನ್ನ ಬರೆದಿಟ್ಟಿದ್ದಾನೆ. ತಿರುಮಲನ ಹೆಂಡತಿ ಅಲಮೇಲಮ್ಮ. ಆಕೆಯ ಹತ್ರ ಒಡವೆ ಇದ್ದವು. ಮಂಗಳವಾರ, ಶುಕ್ರವಾರ ಆ ಒಡವೆಗಳನ್ನ ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರಿಗೆ ತೊಡಿಸೋ ಪದ್ಧತಿ ಇತ್ತಂತೆ. ಗಂಡ ಸತ್ತ ಮೇಲೆ ಒಡವೆ ಆಕೆಯ ಬಳಿಯೇ ಉಳಿದವು. ದೇವಸ್ಥಾನದವರು ಹೊಸ ಒಡೆಯರ ಹತ್ರ ಹೋದರು, ಒಡೆಯರು ಹೇಳಿ ಕಳಿಸಿದರು, ಆಕೆ ಮುತ್ತಿನ ಮೂಗುತಿ ಮಾತ್ರ ಕೊಟ್ಟಳು. ಆಮೇಲೆ ಸಿಪಾಯಿಗಳು ಬಂದರು. ಆಕೆ ಮಿಕ್ಕ ಒಡವೆ ಕಟ್ಟಿಕೊಂಡು ಮಾಲಂಗಿ ಹತ್ರ ಕಾವೇರಿಗೆ ಹಾರಿದಳು.

ಇಷ್ಟು, ನಾನೂರು ವರ್ಷದಿಂದ ಬಂದಿರೋ ಕಥೆ. ಇದನ್ನ ನಾನು ಪುಸ್ತಕದಲ್ಲಿ ಓದಿದ್ದು ಇಂಜಿನಿಯರಿಂಗ್ ಮುಗಿದ ಮೇಲೆ. ಅದಕ್ಕೂ ಮುಂಚೆ ಹೇಳಿದ್ದು ನಮ್ಮಜ್ಜಿ. ನಮ್ಮೂರು ತಿ. ನರಸೀಪುರ ತಾಲ್ಲೂಕಿಗೆ ಸೇರಿದ್ದು, ತಲಕಾಡಿನ ಕಡೆಗೇ. ಅಜ್ಜಿಗೆ ಹೆಬ್ಬೆಟ್ಟೇ ಸಹಿ. ಆದರೆ ಯಾವ ಮಳೆಯಲ್ಲಿ ಯಾರ ಹಸು ಕರು ಹಾಕಿತು, ಯಾರು ಎಷ್ಟು ಸೇರು ರಾಗಿ ಈಸ್ಕೊಂಡು ಎಷ್ಟು ವಾಪಸ್ ಕೊಟ್ಟರು, ಮುಡುಕುತೊರೆ ಜಾತ್ರೆಯಲ್ಲಿ ತಾತ ಯಾವ ವರ್ಷ ಯಾವ ಬಣ್ಣದ ಜೋಡಿ ಎಷ್ಟಕ್ಕೆ ತಂದರು, ಎಲ್ಲ ತಲೆಯಲ್ಲಿ. ಊರಲ್ಲಿ ಜಮೀನಿನ ತಕರಾರು ಬಂದ್ರೆ ಪಂಚಾಯ್ತಿಗೆ ಮುಂಚೆ ನಮ್ಮಜ್ಜಿ ಹತ್ರ ಬರ್ತಿದ್ದರು. ನಮ್ಮ ಸೀಮೆಗೆ ಇದೇನು ಹೊಸದಲ್ಲ ಬಿಡಿ. ಮಾದಪ್ಪನ ಕಥೆ ಹೇಳೋ ಕಂಸಾಳೆಯವರು, ಮಂಟೇಸ್ವಾಮಿ ಕಥೆ ಹಾಡೋ ನೀಲಗಾರರು ರಾತ್ರಿಯೆಲ್ಲಾ ಕೂತು ಪುಸ್ತಕವಿಲ್ಲದೆ ಹಾಡಿ ಬೆಳಗು ಮಾಡ್ತಾರೆ. ಅದನ್ನ ಬರೆದು ಅಚ್ಚು ಹಾಕಿದರೆ ನೂರಾರು ಪುಟ. ಇದನ್ನ ಯಾಕೆ ಹೇಳಿದೆ ಅಂದ್ರೆ, ಈ ಕೇಸಿನಲ್ಲಿ 'ಹಳೇ ಕಾಲದ್ದು, ಜನ ಮರೆತಿರ್ತಾರೆ' ಅನ್ನೋ ಸಬೂಬು ನಡೆಯಲ್ಲ. ಮರೆಯೋ ಜನ ಅಲ್ಲ ಇವರು.

ನಮ್ಮಜ್ಜಿಯ ಕಥೆಯಲ್ಲಿ ಗುಡುಗು ಇರಲಿಲ್ಲ. ಮೂಗುತಿ ಇತ್ತು. "ಕೊಟ್ಲು ಕನ ಮೊಗ, ಮೂಗ್ತಿ ಬಿಚ್ಚಿ ಕೊಟ್ಲು. ಗಂಡ ಸತ್ತೋಗವ್ನೆ, ಇನ್ನು ಮೂಗ್ತಿ ಇಟ್ಕೊಂಡು ಏನ್ ಮಾಡಾಳು ಅಂತ ಅದ ಕೊಟ್ಲು. ಅಷ್ಟಕ್ಕೆ ಬುಡಬೋದಾಗಿತ್ತು ಅವ್ರು." ಈ 'ಅಷ್ಟಕ್ಕೆ ಬುಡಬೋದಾಗಿತ್ತು' ಅನ್ನೋ ಮಾತು ಹೇಳೋವಾಗ ಅಜ್ಜಿ ಪ್ರತಿ ಸಲ ಎಲೆಅಡಿಕೆ ಚೀಲ ಬದಿಗಿಡೋಳು. ನಾನು ಆಗ ಶಾಪ ಯಾವಾಗ ಬರುತ್ತೆ ಅಂತ ಕಾಯ್ತಿದ್ದೆ. ಈಗ ಅನ್ಸುತ್ತೆ, ಆಯಮ್ಮ ನನಗೆ ಸಾಕ್ಷಿ ಹೇಳ್ತಿದ್ದಳು. ಆಕೆ ಪೂರ್ತಿ ನಿರಾಕರಿಸಿರಲಿಲ್ಲ, ಒಂದು ಪಾಲು ಕೊಟ್ಟಿದ್ದಳು, ಮಾತುಕತೆಗೆ ಜಾಗ ಇತ್ತು ಅನ್ನೋ ಸಾಕ್ಷಿ. ಓದು ಬಾರದ ಅಜ್ಜಿ ಜೋಪಾನ ಮಾಡಿದ ಆ ಮೂಗುತಿಯನ್ನ ಓದಿದ ನಾವು ಕಳೆದುಬಿಟ್ಟೆವು. ಟೀವಿಯವರ ಕಥೆಯಲ್ಲಿ ಮೂಗುತಿ ಇಲ್ಲ. ಒಬ್ಬಳು ಒಡವೆ ಆಸೆಯ ಹೆಂಗಸು ಇದ್ದಾಳೆ, ಒಂದು ಶಾಪ ಇದೆ, ಪಾಪದ ಒಂದು ರಾಜಮನೆತನ ಇದೆ.

ಕೇಂಬ್ರಿಡ್ಜಿನ ಬಾರ್ಟ್ಲೆಟ್ ಅನ್ನೋ ಮನಶ್ಶಾಸ್ತ್ರಜ್ಞ 1932ರಲ್ಲಿ ನೆನಪಿನ ಬಗ್ಗೆ ಒಂದು ಪುಸ್ತಕ ಬರೆದ. ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನ ಇಂಗ್ಲಿಷ್ ಜನಕ್ಕೆ ಓದಿಸಿ, ನೆನಪಿನಿಂದ ಮತ್ತೆ ಮತ್ತೆ ಹೇಳಿಸಿದ. ಕಥೆ ಬಾಯಿಂದ ಬಾಯಿಗೆ ಹೋದ ಹಾಗೆ ಕುಗ್ತಾ ಬಂತು. ಹೇಳೋರಿಗೆ ಅರ್ಥವಾಗದ್ದು, ಅವರ ಲೋಕಕ್ಕೆ ಹೊಂದದ್ದು ಮೊದಲು ಉದುರಿತು, ಮಿಕ್ಕದ್ದು ಅವರಿಗೆ ಒಗ್ಗೋ ಹಾಗೆ ತಿದ್ದಿಕೊಂಡಿತು. ನೆನಪು ಅಂದ್ರೆ ಹಾರ್ಡ್ ಡಿಸ್ಕ್ ಅಲ್ಲ, ಪ್ರತಿ ಸಲ ತೆಗೆದಾಗಲೂ ಹೊಸದಾಗಿ ಕಟ್ಟೋ ವಸ್ತು ಅಂತ ಅವನ ವಾದ. ಹಾಗಾದರೆ ನಮ್ಮ ಕಥೆಯಿಂದ ಏನು ಉದುರಿತು ನೋಡಿ. ಸಿಪಾಯಿಗಳು ಎಷ್ಟು ಜನ? ಅವರ ಮುಂದಾಳು ಯಾರು? 'ಹಿಡಿದು ತನ್ನಿ' ಅಂದರೋ, 'ಒಡವೆ ಮಾತ್ರ ಕೇಳಿ ತನ್ನಿ' ಅಂದರೋ? ಜನದ ಬಾಯಲ್ಲಿ ಬದುಕಿರೋ ಕಥೆಯಲ್ಲಿ ಒಬ್ಬ ಸಿಪಾಯಿಗೂ ಹೆಸರಿಲ್ಲ. ಆಕೆಗೆ ರಂಗಮ್ಮ ಅಂತ ಸವತಿ ಇದ್ದಳು ಅಂತ ಕೆಲವರು ಹೇಳ್ತಾರೆ. ಆ ರಂಗಮ್ಮನೂ ಉದುರಿಹೋದಳು. ಉಳಿದದ್ದು ಶಾಪ, ಸ್ಪಷ್ಟವಾಗಿ, ಪ್ರಾಸಬದ್ಧವಾಗಿ.

ಈಗ ನನ್ನ ಮುಖ್ಯ ಪ್ರಶ್ನೆಗೆ ಬರ್ತೀನಿ. ಆ ಶಾಪ ಕೇಳಿಸ್ಕೊಂಡೋರು ಯಾರು?

ಆಕೆ ಹಾರೋ ಮುಂಚೆ ಹೇಳಿದಳು ಅಂತೀವಿ. ಹಾರಿದಾಗ ಅಲ್ಲಿ ಇದ್ದದ್ದು ಯಾರು? ಕಥೆಯ ಪ್ರಕಾರವೇ, ಬೆನ್ನಟ್ಟಿಕೊಂಡು ಬಂದ ಸಿಪಾಯಿಗಳು. ಆಕೆ ವಾಪಸ್ ಬಂದು ಹೇಳಲಿಲ್ಲ. ಅಂದ್ರೆ ಈ ಶಾಪದ ಏಕೈಕ ಸಾಕ್ಷಿಗಳು ಯಾರು ಆಪಾದಿತರೋ ಅವರೇ. ಒಂದು ಗಳಿಗೆ ಅವರ ಜಾಗದಲ್ಲಿ ನಿಂತು ನೋಡಿ. ಒಡೆಯರು ಒಡವೆ ತರೋಕೆ ಕಳಿಸಿದ್ದಾರೆ. ಒಡವೆ ಇಲ್ಲ, ಹೆಂಗಸೂ ಇಲ್ಲ, ಕೈ ಬರಿದು. ಶ್ರೀರಂಗಪಟ್ಟಣಕ್ಕೆ ಹೋಗಿ ಏನು ಹೇಳ್ತಾರೆ? 'ನಾವು ಓಡಿಸಿಕೊಂಡು ಹೋದ್ವಿ, ಆಕೆ ಭಯಬಿದ್ದು ನೀರಿಗೆ ಬಿದ್ದಳು' ಅಂದ್ರೆ ತಲೆ ಉಳಿಯಲ್ಲ. 'ಆಕೆ ಏನೋ ದೈವಾಂಶ ಇದ್ದೋಳು ಮಹಾಸ್ವಾಮಿ, ಶಾಪ ಹಾಕಿ ಮಾಯವಾದಳು' ಅಂದ್ರೆ? ನಮ್ಮ ಆಫೀಸಿನಲ್ಲಿ ಪ್ರೊಡಕ್ಷನ್ ಸರ್ವರ್ ಬಿದ್ದುಹೋದ ರಾತ್ರಿಯ ಮರುದಿನ ಒಂದು ಮೀಟಿಂಗ್ ಇರುತ್ತೆ, ರೂಟ್ ಕಾಸ್ ಹುಡುಕೋದಕ್ಕೆ. ಅಲ್ಲಿ ಮೊದಲ ನಿಯಮ: ಕೋಡ್ ಬದಲಾಯಿಸಿದವನೇ ಬರೆದ ಲಾಗನ್ನ ಒಂದೇ ಆಧಾರ ಅಂತ ತಗೋಬೇಡ. ಹನ್ನೆರಡು ವರ್ಷದ ಸರ್ವೀಸಿನಲ್ಲಿ ನಾನು ಕಲಿತ ನಿಯಮ ಇದು. ಇದನ್ನ ಸ್ವತಃ ಒಂದೆರಡು ಸಲ ಮುರಿದಿದ್ದೀನಿ ಕೂಡ.

ಇದು ಊಹೆ ಅಂತ ನೀವಂದ್ರೆ, ಹೌದು, ಊಹೆ. ಆದರೆ ಶಾಪವನ್ನ ನಂಬೋದಕ್ಕಿಂತ ಕಡಿಮೆ ಊಹೆ.

ಇನ್ನು ಶಾಪದ ಒಳಗಿನ ಮಾಲು ನೋಡೋಣ. ಮೊದಲನೆಯದು ಮರಳು. ತಲಕಾಡಿಗೆ ಹೋದೋರಿಗೆ ಗೊತ್ತು. ದೇವಸ್ಥಾನಕ್ಕೆ ಮೆಟ್ಟಿಲು ಇಳಿದು ಹೋಗಬೇಕು, ಸುತ್ತ ಮರಳಿನ ದಿಬ್ಬ. ಗಂಗರ ರಾಜಧಾನಿಯಾಗಿದ್ದ ಊರು, ಚೋಳರನ್ನ ಓಡಿಸಿ ವಿಷ್ಣುವರ್ಧನ ಕೀರ್ತಿನಾರಾಯಣನ ಗುಡಿ ಕಟ್ಟಿಸಿದ ಊರು, ಹೂತುಹೋಗಿದೆ. ನಮ್ಮ ಕೃಷಿ ವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯನವರು ಇದರ ಹಿಂದೆ ಬಿದ್ದು ಬರೆದಿದ್ದಾರೆ. ಅವರ ವಾದದ ಸಾರ ಇಷ್ಟು: 14ನೇ ಶತಮಾನದಲ್ಲಿ ವಿಜಯನಗರದ ಕಾಲದ ಮಾಧವಮಂತ್ರಿ ಅಣೆಕಟ್ಟೆ ಕಟ್ಟಿದ ಮೇಲೆ ಹೊಳೆಯ ಹರಿವು ಬದಲಾಯಿತು, ಪಾತ್ರದ ಮರಳು ಬಯಲಿಗೆ ಬಿತ್ತು, ನೈಋತ್ಯದ ಗಾಳಿ ಅದನ್ನ ಹೊತ್ತು ತಂದು ಊರ ಮೇಲೆ ಸುರೀತು. ಅಂದ್ರೆ ಅಲಮೇಲಮ್ಮ ಹುಟ್ಟೋ ಮುಂಚೇನೇ ಮರಳು ಬರ್ತಿತ್ತು. ಹೊಳೆ ಒಂದು ದಡದಲ್ಲಿ ಮರಳು ಚೆಲ್ಲಿದರೆ ಎದುರು ದಡದಲ್ಲಿ ಮಡು ತೋಡುತ್ತೆ, ಇದನ್ನ ತಿಳಿಯೋಕೆ ವಿಜ್ಞಾನಿ ಆಗಬೇಕಿಲ್ಲ, ಮಾಲಂಗಿಯಲ್ಲಿ ಎಮ್ಮೆ ತೊಳೆಯೋ ಹುಡುಗನೂ ಹೇಳ್ತಾನೆ. ಹಾಗಾಗಿ ಮೊದಲ ಎರಡು ತುಂಡು ಭವಿಷ್ಯವಾಣಿಯೇ ಅಲ್ಲ. ಕಣ್ಣೆದುರಿಗೆ ಆಗ್ತಿದ್ದದ್ದನ್ನ ಶಾಪ ಅಂತ ಬರೆದದ್ದು. ಮರಳನ್ನ ತಂದದ್ದು ಸರ್ಕಾರಿ ಕಾಮಗಾರಿ; ಹೆಸರು ಬಿದ್ದದ್ದು ಒಬ್ಬ ವಿಧವೆಯ ತಲೆ ಮೇಲೆ. ಇಂಥದ್ದು ಇವತ್ತೂ ನಡೆಯುತ್ತೆ ಅನ್ನೋದನ್ನ ಬಿಡಿಸಿ ಹೇಳಬೇಕಾ?

ಮೂರನೇ ತುಂಡು, ಮಕ್ಕಳಿಲ್ಲದ್ದು. ಇದನ್ನ ಪರೀಕ್ಷೆ ಮಾಡೋದು ಸುಲಭ, ವಂಶಾವಳಿ ಅಚ್ಚಾಗಿ ಸಿಗುತ್ತೆ. ಒಂದು ಭಾನುವಾರ ಕೂತು ಹಾಕಿದೆ. ಶಾಪಗ್ರಸ್ತರಾದ ರಾಜ ಒಡೆಯರಿಗೇ ಮಗ ಇದ್ದ, ಇಮ್ಮಡಿ ರಾಜ ಒಡೆಯ, 1637ರಲ್ಲಿ ಪಟ್ಟಕ್ಕೂ ಬಂದ. ಚಿಕ್ಕದೇವರಾಜರಿಗೆ ಮಗ ಕಂಠೀರವ, ಅವನಿಗೆ ಮಗ ದೊಡ್ಡ ಕೃಷ್ಣರಾಜ. ಹೀಗೆ 1673ರಿಂದ 1732ರವರೆಗೆ ಸುಮಾರು ಅರವತ್ತು ವರ್ಷ ಪಟ್ಟ ಅಪ್ಪನಿಂದ ಮಗನಿಗೆ ಸಲೀಸಾಗಿ ಇಳಿದಿದೆ. ಇಮ್ಮಡಿ ಕೃಷ್ಣರಾಜರಿಗೆ ಇಬ್ಬರು ಗಂಡುಮಕ್ಕಳು ಪಟ್ಟ ಏರಿದರು. ಹತ್ತನೇ ಚಾಮರಾಜರಿಗೆ ನಾಲ್ವಡಿಯವರು ಮಗ. ಜಯಚಾಮರಾಜರಿಗೆ ಶ್ರೀಕಂಠದತ್ತರು ಮಗ. 'ಅದು ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ತಟ್ಟೋ ಶಾಪ ಸಾರ್' ಅಂತ ಕಾಮೆಂಟ್ ಹಾಕೋರು ಇದ್ದಾರೆ. ಇದಕ್ಕೆ ನಮ್ಮ ಕಡೆ ಟೆಸ್ಟ್ ಫೇಲ್ ಆದಾಗ ಟೆಸ್ಟನ್ನೇ ತಿದ್ದೋದು ಅಂತಾರೆ. ಇನ್ನೂ ಒಂದು. ಮಕ್ಕಳು ಅಂದ್ರೆ ಗಂಡುಮಕ್ಕಳು ಅಂತ ಯಾರು ತೀರ್ಮಾನ ಮಾಡಿದ್ದು? ಜಯಚಾಮರಾಜರಿಗೆ ಹೆಣ್ಣುಮಕ್ಕಳೂ ಇದ್ದರು. ಹಿರಿಯ ಮಗಳು ಗಾಯತ್ರೀದೇವಿಯವರ ಮೊಮ್ಮಗನೇ ಇವತ್ತಿನ ಯದುವೀರ್. ಅಂದ್ರೆ ವಂಶ ಮುಂದುವರಿದದ್ದು ಮಗಳಿಂದ. ಶಾಪದ ಲೆಕ್ಕದಲ್ಲಿ ಆಕೆ ಮಗುವೇ ಅಲ್ಲ.

ಇಲ್ಲಿ ಇಮ್ಮಡಿ ರಾಜ ಒಡೆಯನ ಹತ್ರ ಒಂದು ನಿಮಿಷ ನಿಲ್ಲಬೇಕು. ಪಟ್ಟಕ್ಕೆ ಬಂದು ಎರಡು ವರ್ಷ ತುಂಬೋ ಮುಂಚೆ, 1638ರಲ್ಲಿ, ಸತ್ತ. ದಳವಾಯಿ ವಿಕ್ರಮರಾಯ ವಿಷ ಹಾಕಿಸಿದ ಅಂತ ಇತಿಹಾಸಕಾರರು ಬರೀತಾರೆ. ಆಮೇಲೆ ಪಟ್ಟಕ್ಕೆ ಬಂದ ರಣಧೀರ ಕಂಠೀರವ ಆ ದಳವಾಯಿಯನ್ನ ಮುಗಿಸಿದ. ವಿಷ, ಸಂಚು, ಪ್ರತೀಕಾರ, ಆರೋಪಿಯ ಹೆಸರು, ಶಿಕ್ಷೆ, ಒಂದು ಪತ್ತೇದಾರಿ ಕಾದಂಬರಿಗೆ ಬೇಕಾದ್ದೆಲ್ಲ ಇದೆ. ಎಷ್ಟು ಜನಕ್ಕೆ ಗೊತ್ತು? ಹೋಟ್ಲಿನಲ್ಲಿ ಹತ್ತು ಜನ ಮೈಸೂರಿನವರನ್ನ ಕೇಳಿ ನೋಡಿ. ರಾಜನನ್ನ ಕೊಂದವನ ಹೆಸರು ಜನದ ಬಾಯಲ್ಲಿ ಉಳಿಯಲಿಲ್ಲ, ಒಡವೆ ಕೊಡದ ಹೆಂಗಸಿನ ಹೆಸರು ಉಳಿಯಿತು. ಆ ಹೆಸರಲ್ಲಿ 2017ರಲ್ಲಿ ಒಂದು ಹಾಸ್ಯದ ಸಿನಿಮಾನೂ ಬಂತು. ಚೆನ್ನಾಗಿತ್ತು, ಅದು ಬೇರೆ ಮಾತು.

ಈಗ ಎದುರುವಾದ. ನನ್ನ ಗೆಳೆಯನೊಬ್ಬ ಜಾನಪದದಲ್ಲಿ ಎಂ.ಎ. ಮಾಡಿದವನು. ಅವನು ಹೇಳ್ತಾನೆ: ಅಧಿಕಾರ ಇಲ್ಲದ ಹೆಣ್ಣಿಗೆ ಶಾಪ ಒಂದೇ ಆಯುಧ ಕಣಪ್ಪ, ಜನ ಅದನ್ನ ಅವಳ ಕೈಗೆ ಕೊಟ್ಟರು, ನೀನು ಇಂಜಿನಿಯರ್ ಬುದ್ಧಿ ತಂದು ಅದನ್ನೂ ಕಿತ್ಕೋತೀಯಲ್ಲ. ಈ ಮಾತಿಗೆ ತೂಕ ಇದೆ. ಗೆದ್ದವರ ಊರಿನಲ್ಲೇ ಸೋತವಳ ಹೆಸರು ನಾನೂರು ವರ್ಷ ಉಳಿಯೋದು ಸಣ್ಣ ವಿಷಯ ಅಲ್ಲ. ಅರಮನೆಯವರೂ ಅಲಮೇಲಮ್ಮನ ವಿಗ್ರಹ ಇಟ್ಟು ಪೂಜೆ ಮಾಡ್ತಾರೆ. ತಾವು ಕೆಡಿಸಿದ ಮನೆಯವಳನ್ನ ತಮ್ಮ ಮನೆಯೊಳಗೇ ಇಟ್ಟುಕೊಂಡು ಕೈಮುಗಿಯೋದನ್ನ ಎಷ್ಟು ಸರ್ಕಾರಗಳು ಮಾಡ್ತವೆ ಹೇಳಿ? ಅದನ್ನ ನಾನು ಆಡಿಕೊಳ್ಳಲ್ಲ. ಆದರೆ ಗೆಳೆಯಾ, ಆಯುಧ ಯಾರಿಗೆ ತಗುಲಿತು ಅಂತ ನೋಡಬೇಕಲ್ಲ? ಸಿಪಾಯಿಗೆ ತಗುಲಲಿಲ್ಲ. ಒಡವೆಗೆ ದೂರು ಕೊಟ್ಟವರಿಗೆ ತಗುಲಲಿಲ್ಲ. ಮಗನಿಲ್ಲ ಅಂದಾಗ ಅರಮನೆಯಲ್ಲಾಗಲಿ ಗುಡಿಸಲಲ್ಲಾಗಲಿ ಬೊಟ್ಟು ತೋರೋದು ಯಾರ ಕಡೆಗೆ? ನಾನೂರು ವರ್ಷ ಆ ಶಿಕ್ಷೆಯನ್ನ ಅನುಭವಿಸಿದ್ದು ಹೆಂಗಸರು. ಒಬ್ಬ ಹೆಂಗಸಿಗೆ ಆದ ಅನ್ಯಾಯಕ್ಕೆ ಬೇರೆ ಹೆಂಗಸರಿಗೆ ಶಿಕ್ಷೆ, ಇದ್ಯಾವ ಸೀಮೆ ನ್ಯಾಯ?

ಇದು ನನಗೆ ಇಷ್ಟೊಂದು ಯಾಕೆ ಚುಚ್ಚುತ್ತೆ ಅಂತ ಹೇಳಿಬಿಡ್ತೀನಿ, ಮುಚ್ಚಿಟ್ಟು ಬರೆಯೋದು ಸರಿಯಲ್ಲ. ನಮ್ಮ ಮದುವೆಯಾಗಿ ಎಂಟು ವರ್ಷ. ಮಕ್ಕಳಿಲ್ಲ. ಟೆಸ್ಟ್ ಎಲ್ಲಾ ಆಗಿದೆ, ತೊಂದರೆ ಇರೋ ರಿಪೋರ್ಟಿನ ಮೇಲೆ ಇರೋದು ನನ್ನ ಹೆಸರು. ಇದನ್ನ ಮನೆಯಲ್ಲಿ ಹೇಳಿದ್ದೀನಿ, ಎರಡು ಸಲ ಹೇಳಿದ್ದೀನಿ. ಅದು ಯಾರ ಕಿವಿಗೂ ಇಳಿಯಲ್ಲ. ಹೋದ ವರ್ಷ ಊರ ಕಡೆ ಒಂದು ಮದುವೆ. ಛತ್ರದಲ್ಲಿ ಊಟಕ್ಕೆ ಕೂತಿದ್ದಾಗ ದೂರದ ಸಂಬಂಧದ ದೊಡ್ಡಮ್ಮ ಒಬ್ಬರು ನನ್ನ ಹೆಂಡತಿಗೆ ಅಂದರು, "ನಿಮ್ಮಪ್ಪನ ಮನೆ ಮಾಲಂಗಿ ಮಗ್ಗುಲಲ್ಲೇ ಅಲ್ವೇನವ್ವ? ಆ ಮಡೂನ ನೀರು ಕುಡ್ದೋರ್ಗೆ ಹಂಗೇಯ ಬುಡು." ತಮಾಷೆಗೇ ಅಂದದ್ದು. ಪಂಕ್ತಿಯಲ್ಲಿ ನಾಲ್ಕು ಜನ ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಆಮೇಲೆ ಬಡಿಸೋಕೆ ಬಂದವರಿಗೆ ಪಾಯಸ ಬೇಡ ಅಂತ ಕೈ ಅಡ್ಡ ಹಿಡಿದಳು. ಆಕೆಗೆ ಪಾಯಸ ಅಂದ್ರೆ ಪ್ರಾಣ.

ನೋಡಿ, ಎಲ್ಲಿಂದ ಎಲ್ಲಿಗೆ ಬಂತು. 1610ರಲ್ಲಿ ದೊರೆಗೆ ಹಾಕಿದ್ದು ಅನ್ನೋ ಶಾಪ, ಹೊಳೆ ದಡದ ರೈತನ ಮಗಳ ಎಲೆಗೆ ಬಂದು ಬಿತ್ತು. ನನ್ನ ರಿಪೋರ್ಟು ನನ್ನ ಬ್ಯಾಗಿನಲ್ಲೇ ಉಳೀತು. ಆವತ್ತು ನಾನು ಎದ್ದು ಹೇಳಬೇಕಿತ್ತು. ಹೇಳಲಿಲ್ಲ. ಮಜ್ಜಿಗೆ ಕುಡಿದು ಎದ್ದೆ. ಈ ಅಂಕಣ ಆ ಮಜ್ಜಿಗೆಯ ಲೆಕ್ಕಕ್ಕೆ ಜಮಾ.

ಆದ್ದರಿಂದಲೇ ಟೀವಿಯವರು ದತ್ತು ಅನ್ನೋ ಪದವನ್ನ ಶಾಪದ ಪಕ್ಕ ಇಟ್ಟಾಗ ನನಗೆ ಮೈ ಉರಿಯುತ್ತೆ. ದತ್ತು ಅಂದ್ರೆ ಆ ಮನೆತನಕ್ಕೆ ಶಿಕ್ಷೆಯಾಗಿತ್ತಾ? ಉಲ್ಟಾ. ಮುಮ್ಮಡಿ ಕೃಷ್ಣರಾಜರ ಕಾಲ ನೆನೆಸ್ಕೊಳ್ಳಿ. 1831ರಲ್ಲೇ ಬ್ರಿಟಿಷರು ಆಡಳಿತ ಕಿತ್ಕೊಂಡಿದ್ದರು. ಮುದುಕ ದೊರೆ ಕಣ್ಣು ಮುಚ್ಚಿದರೆ ರಾಜ್ಯವನ್ನೂ ನುಂಗೋಣ ಅನ್ನೋ ಯೋಚನೆ ಅವರಲ್ಲಿತ್ತು. ದೊರೆ ಪತ್ರದ ಮೇಲೆ ಪತ್ರ ಬರೆದರು, 1865ರಲ್ಲಿ ಚಾಮರಾಜೇಂದ್ರರನ್ನ ದತ್ತು ತಗೊಂಡೇಬಿಟ್ಟರು. ಎರಡು ವರ್ಷ ಜಗ್ಗಾಡಿ 1867ರಲ್ಲಿ ಬ್ರಿಟಿಷರು ಒಪ್ಪಿದರು. ಮರುವರ್ಷ ದೊರೆ ತೀರಿಕೊಂಡರು. ಆ ದತ್ತುಮಗನಿಗೆ 1881ರಲ್ಲಿ ರಾಜ್ಯ ವಾಪಸ್ ಬಂತು. ಆ ದತ್ತುಮಗನ ಮಗ ನಾಲ್ವಡಿ. ಒಂದು ದತ್ತು ಆಗದೆ ಹೋಗಿದ್ದರೆ ನಾವು ಇವತ್ತು ಕನ್ನಂಬಾಡಿ ಕಟ್ಟೆ, ಮೈಸೂರು ವಿಶ್ವವಿದ್ಯಾನಿಲಯ ಅಂತ ಯಾರ ಹೆಸರಲ್ಲಿ ಕೈಮುಗೀತಿದ್ದೆವು? ಇನ್ನೂ ಹಿಂದಕ್ಕೆ ಹೋದರೆ ರಾಣಿ ಲಕ್ಷ್ಮಮ್ಮಣ್ಣಿ. ಹೈದರ್ ಕಾಲದಿಂದ ಟಿಪ್ಪು ಸಾಯೋ ತನಕ ಕಾವಲಿನೊಳಗೆ ಕೂತೇ ಇಂಗ್ಲಿಷರ ಜೊತೆ ಗುಟ್ಟಾಗಿ ಪತ್ರ ನಡೆಸಿ, 1799ರಲ್ಲಿ ಐದು ವರ್ಷದ ಹುಡುಗನನ್ನ ಪಟ್ಟದಲ್ಲಿ ಕೂರಿಸಿದ ವಿಧವೆ. ಆ ಹುಡುಗ ಅವಳ ಹೊಟ್ಟೆಯ ಕವಲಿನವನಲ್ಲ. ಅವನಪ್ಪನನ್ನ ಬೇರೆ ಮನೆಯಿಂದ ಆರಿಸಿ ತಂದದ್ದು ಹೈದರ್! ಮಕ್ಕಳನ್ನೆಲ್ಲ ಒಂದು ಕೋಣೆಗೆ ಬಿಟ್ಟು, ಆಟದ ಸಾಮಾನು ಹರಡಿ, ಯಾವ ಮಗು ಕಠಾರಿ ಎತ್ತಿಕೊಳ್ತೋ ಅದನ್ನ ಆರಿಸಿದ ಅಂತ ಕಥೆ. ಆ ಅಪ್ಪನ ಮಗನನ್ನ ಲಕ್ಷ್ಮಮ್ಮಣ್ಣಿ ತನ್ನವನಾಗಿ ಸಾಕಿದಳು. ಆ ಮನೆತನ ಉಳಿದಿರೋದೇ ಹೆರದ ತಾಯಂದಿರಿಂದ, ತಂದುಕೊಂಡ ಮಕ್ಕಳಿಂದ. ಇದನ್ನ ಕೆಂಪು ಪಟ್ಟಿಯಲ್ಲಿ ಯಾವತ್ತಾದ್ರೂ ಓಡಿಸಿದ್ದಾರಾ?

ಎರಡು ತಿಂಗಳ ಹಿಂದೆ ನಾವಿಬ್ಬರೂ ತಲಕಾಡಿಗೆ ಹೋಗಿದ್ದೆವು. ಹೊಳೆ ದಡದಲ್ಲಿ ತೆಪ್ಪದವನು ಮಾಲಂಗಿ ಕಡೆಗೆ ಕೈ ತೋರಿಸಿ ಒಂದು ತೆಪ್ಪ ತುಂಬಾ ಜನಕ್ಕೆ ಕಥೆ ಹೇಳ್ತಿದ್ದ. ಶಾಪದ ತನಕ ಬಂದ. ನಾನು ಕೇಳಿದೆ, "ಆವತ್ತು ಬೆನ್ನಟ್ಟಿ ಬಂದೋರು ಎಷ್ಟು ಜನ ಇದ್ರಂತೆ ಅಣ್ಣ?" ಅವನು ಹುಟ್ಟು ಹಾಕೋದು ನಿಲ್ಲಿಸಿ ನನ್ನ ಮುಖ ನೋಡಿದ. "ಅದ್ಯಾರೂ ಇಲ್ಲೀಗಂಟ ಕೇಳಿಲ್ಲ ಸಾ." ಸ್ವಲ್ಪ ಹೊತ್ತು ಬಿಟ್ಟು ಅವನೇ, "ಒಂಟಿ ಹೆಂಗ್ಸು, ನಾಕ್ ಜನ ಸಾಕಲ್ವ," ಅಂದ. ನನ್ನ ಹೆಂಡತಿ ನೀರಿಗೆ ಕೈ ಬಿಟ್ಟುಕೊಂಡು ಕೂತಿದ್ದಳು. ಬೊಗಸೆಯಲ್ಲಿ ಎತ್ತಿ ಒಂದು ಗುಟುಕು ಕುಡಿದು ನನ್ನ ಕಡೆ ನೋಡಿ ನಕ್ಕಳು. ಈ ಸಲ ಅವಳ ನಗು.

ದತ್ತಿಗೆ ನಾವು ಆನ್‌ಲೈನಿನಲ್ಲಿ ಹೆಸರು ಬರೆಸಿ ಆಗಿದೆ. ಕೇಂದ್ರದ ದತ್ತು ಪ್ರಾಧಿಕಾರದ ವೆಬ್‌ಸೈಟಿದೆ, ಅಲ್ಲಿ ಒಂದು ನಂಬರು ಕೊಡ್ತಾರೆ, ಸರದಿ ಬರೋಕೆ ವರ್ಷಗಟ್ಟಲೆ ಕಾಯಬೇಕು, ಕೊನೆಗೆ ಜಿಲ್ಲಾಧಿಕಾರಿಯ ಆದೇಶ. ಮನೆ ನೋಡೋಕೆ ಸಮಾಜ ಕಾರ್ಯಕರ್ತೆ ಹಿನಕಲ್ಲಿಗೆ ಬಂದಿದ್ದರು. ಆವತ್ತು ಅಮ್ಮ ಊರಿಂದ ಬಂದು ಅಡುಗೆ ಮನೆಯಲ್ಲೇ ಇದ್ದರು, ಮಾತಾಡಲಿಲ್ಲ. ಅವರು ಹೋದ ಮೇಲೆ 'ಯಾರ್ ಮಗೂನೋ ಏನೋ' ಅಂತ ಒಂದು ಸಲ ಗೊಣಗಿದ್ದೂ ಹೌದು. ವಾರ ಬಿಟ್ಟು ಫೋನ್ ಮಾಡಿ, "ಗಂಡು ಬೇಕು ಅಂತ ಬರ್ಕೊಟ್ರೋ ಹೆಣ್ಣು ಬೇಕು ಅಂತಲೋ?" ಅಂದರು. ಯಾವುದಾದ್ರೂ ಸರಿ ಅಂತ ಬರೆದಿದ್ದೀವಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ಅಜ್ಜಿಯ ಓಲೆ ಒಂದು ಜೊತೆ ಪೆಟ್ಟಿಗೆಯಲ್ಲಿದೆ, ಹೆಣ್ಣೇ ಬಂದ್ರೆ ಇರಲಿ ಅಂತ ತೆಗೆದಿಟ್ಟಿದ್ದೀನಿ ಅಂದರು. ಒಂದರ ತಿರುಪು ಸವೆದುಹೋಗಿದೆಯಂತೆ. ಮುಂದಿನ ಭಾನುವಾರ ಊರಿಗೆ ಹೋಗಿ ಈಸ್ಕೊಂಡು ಬಂದು ಇಲ್ಲೇ ಯಾರಾದ್ರೂ ಅಕ್ಕಸಾಲಿ ಹತ್ರ ಸರಿ ಮಾಡಿಸಬೇಕು.